ಎರಡನೆಯ ಮಗ

"ನಿಮ್ಮಮ್ಮ ಜರ್ವಿಸ್ ಅಂತ ಕರೆದಾಗ ಒಂದು ಸಲ ಹೂಂ ಅಂದ್ಬಿಡು ಆಬ್ರಿ. ನಿನ್ನ ಗಂಟೇನು ಹೋಗುತ್ತೆ?" ಎಂದಳು ಸಿಸಿಲಿ, ಗಂಡನ ಕೋಟಿನ ಕಾಲರು ಸರಿಮಾಡುತ್ತ.

"ನಾನು ಜರ್ವಿಸ್ ಅಲ್ಲ."

"ಅದು ಎಲ್ಲರಿಗೂ ಗೊತ್ತು."

ಕೊಂಕಿಗೆ ಅಂದದ್ದೋ, ಸುಮ್ಮನೆ ಅಂದದ್ದೋ ತಿಳಿಯಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ. ಅವಳು ಮದುವೆಯಾದಾಗ ಆಬ್ರಿ ಗ್ರೀಕ್ ಕಲಿಸುವ ಮೇಷ್ಟ್ರು. ಅಣ್ಣ ಜರ್ವಿಸ್ ಇಟಲಿಯ ಯುದ್ಧದಲ್ಲಿ ಸತ್ತ. ಹಿಂದೆಯೇ ಅಪ್ಪ ಹೋದ. ಹಾರ್ಸ್‌ವೆಲ್‌ನ ಅರ್ಲ್ ಎಂಬ ಪ್ರಭುಪದವಿ, ದೊಡ್ಡಮನೆಯ ಸಮೇತ, ಆಬ್ರಿಯ ಮೈಮೇಲೆ ಬಂದು ಬಿತ್ತು. ಅಣ್ಣನ ಕೋಟಿನ ಹಾಗೆ, ಭುಜದಲ್ಲಿ ಸಡಿಲ.

ಇವತ್ತು ಲಂಡನ್ನಿನ ಸಂಸತ್ತಿನಲ್ಲಿ, ಪ್ರಭುಗಳು ಕೂರುವ ಲಾರ್ಡ್ಸ್ ಸಭೆಯಲ್ಲಿ, ಅವನು ಮೊದಲ ಬಾರಿಗೆ ಬಾಯಿ ತೆರೆಯಬೇಕಿತ್ತು. ವಿಷಯ, ನದಿಯ ಹೂಳು. ಓಕ್ ಮರಗಳಾಚೆಯ ಸಣ್ಣ ಮನೆಯಲ್ಲಿ ತಾಯಿಯನ್ನು ನೋಡಿಕೊಂಡು, ಅಲ್ಲಿಂದ ಹಾಗೆಯೇ ಸ್ಟೇಷನ್ನಿಗೆ ನಡೆದುಬಿಡುವುದು ಎಂದಾಗಿತ್ತು. ಮರೆವು ಹಿಡಿದ ತಾಯಿ ಊಟ ಬಿಟ್ಟಿದ್ದಳು. ಜರ್ವಿಸ್ ಬರಲಿ, ಆಮೇಲೆ ತಿನ್ನುತ್ತೇನೆ ಎಂಬ ಹಟ.

ನರ್ಸ್ ಮಿಸೆಸ್ ಟಲಕ್ ಬಾಗಿಲು ತೆಗೆದಳು. "ಇವತ್ತೂ ಚಮಚ ಬಿಸಾಕಿದ್ರು, ಪ್ರಭುಗಳೇ."

ಕಿಟಕಿಯ ಪಕ್ಕ ಕೂತಿದ್ದ ಮುದುಕಿ ತಿರುಗಿ ನೋಡಿದಳು. "ಜರ್ವಿಸ್?"

"ಹೂಂ, ಅಮ್ಮ," ಎಂದ ಆಬ್ರಿ.

ಅಷ್ಟೊಂದು ಸುಲಭವಾಗಿತ್ತು.

"ಕತ್ತೆ! ಎಲ್ಲಿ ಹಾಳಾಗಿ ಹೋಗಿದ್ದೆ? ಬೂಟು ನೋಡು, ಬರೀ ಕೆಸರು. ಆ ಹುಚ್ಚು ಕುದುರೆ ಹತ್ತಿದ್ದೆ ತಾನೇ?"

ತನ್ನನ್ನು ತಾಯಿ ಎಂದೂ ಬೈದಿಲ್ಲ ಎಂಬುದು ಆಬ್ರಿಗೆ ಆಗ ಹೊಳೆಯಿತು. ಅವನಿಗೆ ಅವಳು ಥ್ಯಾಂಕ್ಸ್ ಹೇಳುತ್ತಿದ್ದಳು. ಹವಾಮಾನದ ಬಗ್ಗೆ ಮಾತಾಡುತ್ತಿದ್ದಳು.

"ಹತ್ತಿದ್ದೆ. ಬೀಳಿಸ್ತು," ಎಂದ. ಕುರ್ಚಿಯಲ್ಲಿ ಕಾಲು ಚಾಚಿ ಕೂತ. ದೊಡ್ಡದಾಗಿ ನಕ್ಕ. ಆ ನಗು ಇಷ್ಟು ವರ್ಷ ತನ್ನ ಗಂಟಲಲ್ಲಿ ಎಲ್ಲಿ ಅಡಗಿತ್ತೋ. ಸೂಪು ತೆಗೆದು ಅವಳ ಬಾಯಿಗಿಟ್ಟ. ತಿಂದಳು. ಮತ್ತೂ ಬಾಯಿ ತೆರೆದಳು.

ಕಣಿವೆಯಲ್ಲಿ ಲಂಡನ್ನಿನ ರೈಲು ಕೂಗಿತು. ಅವನು ಏಳಲಿಲ್ಲ.

"ಅಮ್ಮ, ಆಬ್ರಿ ಕಂಡ್ರೆ ನಿಂಗೆ ಆಗಲ್ವಾ?"

ತಾಯಿ ಬಹಳ ಹೊತ್ತು ಅಗಿದಳು. ಸೂಪಿನಲ್ಲಿ ಅಗಿಯುವಂಥದ್ದೇನೂ ಇರಲಿಲ್ಲ.

"ಪಾಪ, ಅವನು ಯಾವತ್ತೂ ತೊಂದ್ರೆ ಕೊಟ್ಟೋನಲ್ಲ."

"ಅಷ್ಟೇನಾ?"

"ಮನೆ ಮಾತ್ರ ಅವನ ಕೈಗೆ ಕೊಡ್ಬೇಡ ಕಣೋ. ಕೆಟ್ಟೋನಲ್ಲ. ಆದ್ರೆ ಅವನು ಕೂತ್ರೂ ಕುರ್ಚಿ ಖಾಲಿ ಇದ್ದ ಹಾಗೇ ಇರುತ್ತೆ. ಕೊಡಲ್ಲ ಅಂತ ಮಾತು ಕೊಡು."

ಅವನ ಮುಂಗೈ ಹಿಡಿದುಕೊಂಡಳು. ಅವನಿಗೆ ನೋವಾಗಬೇಕಿತ್ತು. ಆಗಲಿಲ್ಲ. ಮೂಡಿದ್ದು, ತಮ್ಮನ ಮೇಲೆ ಅಣ್ಣನಿಗಿರುವಂಥ ಸಣ್ಣದೊಂದು ಕನಿಕರ, ಅದರ ಅಡಿಯಲ್ಲಿ ಸಣ್ಣದೊಂದು ತಾತ್ಸಾರ. ಅವನನ್ನು ಹೆದರಿಸಿದ್ದು ಅದು.

"ಕೊಡಲ್ಲ ಅಮ್ಮ."

ಅವಳು ನಿದ್ದೆಹೋದಳು. ಬಾಗಿಲ ಬಳಿ ಮಿಸೆಸ್ ಟಲಕ್ ಖಾಲಿ ಬಟ್ಟಲು ತೋರಿಸಿದಳು. ಅವಳ ಕಣ್ಣು ತುಂಬಿತ್ತು. "ನಾಳೇನೂ ಬರ್ತೀರಲ್ಲ, ಪ್ರಭುಗಳೇ? ಇದೇ ಥರ?"

"ನೋಡೋಣ."

"ನೀವು ಬಂದ್ರೆ ಬದುಕ್ಕೋತಾರೆ."

ಯಾರು ಬಂದರೆ ಎಂದು ಕೇಳಬೇಕೆನಿಸಿತು. ಟೋಪಿ ಹಾಕಿಕೊಂಡು ಹೊರಬಿದ್ದ.

ಸ್ಟೇಷನ್ನಿಗೆ ಹೋಗಿ ಪ್ರಯೋಜನವಿರಲಿಲ್ಲ. ಸಭೆಯಲ್ಲಿ ಅವನ ಹೆಸರು ಕೂಗುತ್ತಾರೆ, ಒಂದು ಗಳಿಗೆ ಕಾಯುತ್ತಾರೆ, ಮುಂದಿನವರನ್ನು ಕರೆಯುತ್ತಾರೆ. ಹೂಳು ಎಲ್ಲಿದೆಯೋ ಅಲ್ಲೇ ಇರುತ್ತದೆ. ಜಿನುಗುವ ಮಳೆಯಲ್ಲಿ ಓಕ್ ಮರಗಳ ನಡುವೆ ವಾಪಸು ನಡೆದ.

ದೊಡ್ಡಮನೆ ಕಂಡಿತು. ಅಂಗಳದಲ್ಲಿ ಸಿಸಿಲಿ ಕೆಸರು ಮೆತ್ತಿದ ನಾಯಿಗಳ ನಡುವೆ ಮಂಡಿಯೂರಿ ಕೂತು, ಮಗುವಿನ ಹಾಗೆ ಕೇಕೆ ಹಾಕಿ ನಗುತ್ತಿದ್ದಳು. ಅವಳು ಹಾಗೆ ನಗುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ. ಛಾವಣಿಯ ಮೇಲೆ ಬಟ್ಲರ್ ಬಾವುಟ ಇಳಿಸುತ್ತಿದ್ದ. ಅರ್ಲ್ ಮನೆಯಲ್ಲಿರುವಾಗ ಮಾತ್ರ ಹಾರುವ ಬಾವುಟ. ರೈಲು ಹೋಗಿಯಾಗಿತ್ತು; ಅರ್ಲ್ ಈಗ ಮನೆಯಲ್ಲಿಲ್ಲ.

ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿದ್ದ. ಬಾಯಿ ತೆರೆದ.

ಒದ್ದೆ ಬಟ್ಟೆ ಕಂಬಕ್ಕೆ ಅಂಟಿಕೊಂಡು, ಬಿಡಿಸಿಕೊಂಡು, ಮತ್ತೆ ಅಂಟಿಕೊಂಡು ಕೆಳಗಿಳಿಯುತ್ತಿತ್ತು. ರಸ್ತೆಯಲ್ಲಿ ಹೆಣ ಹಾದುಹೋಗುವಾಗ ದಾರಿಹೋಕರು ಮಾಡುವಂತೆ, ಅವನ ಕೈ ತಾನಾಗಿ ಮೇಲೆದ್ದು ಟೋಪಿ ತೆಗೆಯಿತು. ಆಬ್ರಿ ಬರಿತಲೆಯಲ್ಲಿ ನಿಂತ, ಬಾವುಟ ಪೂರ್ತಿ ಇಳಿದ ಮೇಲೂ.