ರಜನಿ ಆರಿಸಿದ ಎರಡನೆಯ ಊರು

ನನ್ನ ಕಿರಿಯ ಸೊಸೆ ರಜನಿಗೆ ‘ಹೂಂ’ ಅನ್ನುವುದು ಹುಟ್ಟಿನಿಂದಲೇ ಬಂದಿಲ್ಲ. ಉಳಿದವರು ಹೂಂಗುಟ್ಟುವ ಜಾಗದಲ್ಲಿ ಅವಳು ‘ಅಂದ್ರ?’ ಅನ್ನುತ್ತಾಳೆ. ಅದೂ ದನಿಯೇರಿಸಿ ಅಲ್ಲ. ತಲೆಯನ್ನು ಎಡಕ್ಕೊಂದಿಷ್ಟು ವಾಲಿಸಿ, ಸಂತೆಯಲ್ಲಿ ಬದನೆಕಾಯಿಯ ತೊಟ್ಟು ತಿರುವಿ ನೋಡುವವಳ ಸಮಾಧಾನದಲ್ಲಿ. ಹೆಣ್ಣು ನೋಡಲು ಹೋದ ದಿನ ನನ್ನ ಯಜಮಾನರು, “ನಮ್ಮದು ಮರ್ಯಾದಿ ಇದ್ದ ಮನಿತನ ನೋಡವಾ” ಅಂದದ್ದಕ್ಕೆ, ಚಹಾದ ತಾಟು ಹಿಡಿದು ನಿಂತಿದ್ದ ಆ ಹುಡುಗಿ “ಅಂದ್ರ?” ಅಂದಿತ್ತು. ಅರಳೆ ಪೇಟೆಯಲ್ಲಿ ಮೂವತ್ತು ವರ್ಷ ಹರಾಜಿನ ಸವಾಲು ಕೂಗಿದ ಮನುಷ್ಯ ಅಂದು ಬಾಯಿ ಕಟ್ಟಿದವರಂತೆ ಕೂತರು. ದಾರಿಯಲ್ಲಿ ಬರುತ್ತ, “ಈ ಹುಡುಗಿ ನಮಗ ಬೇಕು, ಇಲ್ಲಾ ಬ್ಯಾಡೇ ಬ್ಯಾಡ. ನಡುವ ಏನೂ ಇಲ್ಲ” ಅಂದರು. ಬೇಕು ಅನ್ನುವುದೇ ಗೆದ್ದಿತು.

ಆಳು ಗಿಡ್ಡ, ನಡಿಗೆ ಮಾತ್ರ ಉದ್ದ. ಹಿಮ್ಮಡಿಯನ್ನು ಮೊದಲು ಊರಿ, ನೆಲಕ್ಕೆ ತಾನು ಬಂದ ಸುದ್ದಿ ಹೇಳುತ್ತ ನಡೆಯುತ್ತಾಳೆ. ಜೊತೆಗೆ ಹೋದವರು ಹಿಂದೆ ಬೀಳುವುದೇ ಸೈ. ಯಜಮಾನರು ಹೋದ ಮೇಲೆ ಟ್ರಂಕಿನ ತಳ ಸೇರಿದ್ದ ಅವರ ಕಪ್ಪು ಕೋಟನ್ನು ಒಂದು ದಿನ ಕೊಡವಿ, ಸೀರೆಯ ಮೇಲೆ ತೊಟ್ಟುಕೊಂಡು ಅಂಗಳಕ್ಕೆ ಬಂದಳು. ತೋಳು ಬೆರಳು ಮುಚ್ಚುವಷ್ಟು ಉದ್ದ. ಇದೇನೆಂದು ನಾನು ಕೇಳಿದರೆ, “ಸೀರಿಗೆ ಕಿಸೆ ಎಲ್ಲೈತ್ರಿ ಅತ್ತಿಯವರ? ಇದಕ್ಕ ಒಳಗೊಂದು, ಹೊರಗ ಮೂರು ಅದಾವು” ಅಂದಳು. ಅಂದಿನಿಂದ ಆ ಕೋಟು, ಅದರ ಒಳಕಿಸೆಯ ಕಾಗದ, ಅವಳು, ಈ ಮೂರೂ ಒಂದೇ ಆದವು.

ಕಾಗದದ ಕಥೆ ಹೇಳದೆ ರಜನಿಯ ಕಥೆ ತಿಳಿಯುವುದಿಲ್ಲ. ಹುಬ್ಬಳ್ಳಿಯ ಗಬ್ಬೂರ ಬೈಪಾಸು ದಾಟಿ ಅರ್ಧ ತಾಸಿನ ಹಾದಿಯಲ್ಲಿರುವ ನಮ್ಮೂರಿನ ಪಂಚಾಯತಿಯ ಒಂದು ಜಾಗ ಹೆಂಗಸರಿಗೆ ಮೀಸಲಾಯಿತು. ಆ ಕುರ್ಚಿಯ ಮೇಲೆ ವರ್ಷಗಟ್ಟಲೆ ಕಣ್ಣಿಟ್ಟಿದ್ದ ನನ್ನ ಹಿರಿಯ ಮಗ ಕುಮಾರಸ್ವಾಮಿ, ಮನೆಯಲ್ಲಿ ಬಿ.ಎ. ಪಾಸಾದವಳು ಇವಳೊಬ್ಬಳೇ ಎಂದು ರಜನಿಯ ಹೆಸರು ಕೊಟ್ಟ. ಗೆದ್ದವಳು ರಜನಿ, ಮಾಲೆ ಬಿದ್ದದ್ದು ಕುಮಾರಸ್ವಾಮಿಯ ಕೊರಳಿಗೆ. ಊರು ಅವನನ್ನೇ ಮೆಂಬರ ಸಾಹೇಬ್ರ ಅಂದಿತು, ಸಭೆಗೂ ಅವನೇ ಹೋದ. ಮೊದಲ ತಿಂಗಳು ಖಾಲಿ ಹಾಳೆಗಳಿಗೆ ಇವಳಿಂದ ಸಹಿ ಹಾಕಿಸಿಕೊಂಡು ಒಯ್ಯುತ್ತಿದ್ದ. ಆಮೇಲೆ ಅದೂ ತಡವೆಂದು ತಾನೇ ‘ರಜನಿ’ ಎಂದು ಬರೆಯತೊಡಗಿದ. ದುಂಡಗೆ, ಅವಳಿಗಿಂತ ಚೆಂದವಾಗಿ. ಎರಡು ವರ್ಷ ಹೀಗೆ ಸಾಗಿತು.

ಮೂರನೆಯ ವರ್ಷ, ದನ ನಿಲ್ಲುವ ಬಯಲೂ ಅದರೊಳಗಿನ ಬಾವಿಯೂ ಸೈಟುಗಳಾಗಿ ಕಲ್ಲು ನೆಟ್ಟುಕೊಂಡವು. ಓಣಿಯ ಹೆಂಗಸರು ಬಾಗಿಲಿಗೆ ಬಂದರು. ಮುಂದೆ ನಿಂತವಳು ಪಕ್ಕದ ಮನೆಯ ಶೇವಂತೆವ್ವ.

“ಠರಾವಿನ್ಯಾಗ ನಿನ್ನ ಸಹಿ ಐತಂತ, ಖರೇನ?”

ರಜನಿ ‘ನಾನು ಹಾಕಿದ್ದಲ್ಲ’ ಅನ್ನಬಹುದಿತ್ತು. ಅನ್ನಲಿಲ್ಲ. “ಹೆಸರು ನಂದೈತಿ, ಶೇವಂತಕ್ಕಾ. ಅದರ ಹೊಣಿನೂ ನಂದಽ” ಅಂದಳು. ಮರುದಿನ ಪಂಚಾಯತಿಗೆ ಹೋಗಿ, ಬಯಲನ್ನು ಸೈಟು ಮಾಡಿದ ಆ ಠರಾವಿನ ನಕಲು ಪಡೆದು ಒಳಕಿಸೆಗೆ ಸೇರಿಸಿದಳು. ಉಳಿದ ಅವಧಿಯ ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಅವಳ ‘ಅಂದ್ರ?’ಗಳಿಗೆ ಸಭೆ ಮಧ್ಯಾಹ್ನದ ಊಟದ ಹೊತ್ತು ಮೀರುತ್ತಿತ್ತು. ಬಯಲು ಮಾತ್ರ ಮರಳಿ ಬರಲಿಲ್ಲ. ಒಂದು ಹಾಳೆ ಒಂದು ಬಯಲನ್ನು ಹೇಗೆ ನುಂಗುತ್ತದೆ ಎಂಬುದು ಅವಳನ್ನು ಹಲ್ಲಿನ ಸಂದಿಯ ಸಿಬಿರಿನಂತೆ ಕಾಡಿತು. ಅವಧಿ ಮುಗಿದ ವಾರವೇ, ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದುತ್ತೇನೆ ಅಂದಳು. ಆಗ ಅವಳಿಗೆ ನಲವತ್ತೊಂದು. ಮಗ ಧಾರವಾಡದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಪಿಯುಸಿ ಓದುತ್ತಿದ್ದ.

“ರಾಜಕೀಯ ಓದೂದಲ್ಲ ತಂಗಿ, ಮಾಡೂದು” ಎಂದು ಕುಮಾರಸ್ವಾಮಿ ನಕ್ಕ.

“ಮಾಡೂದನ್ನ ನೋಡೇನಲ್ರಿ ಭಾವಾರ, ಅದಕ್ಕಽ ಓದ್ತೇನಿ.”

ಮೊದಲ ಆಸೆ ಧಾರವಾಡ. ಅದಕ್ಕೆ ಅವಳ ಗಂಡ ಗುರುಪಾದನ ತಕರಾರಿರಲಿಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಓಡುವ ಚಿಗರಿ ಬಸ್ಸು ಹಿಡಿದರೆ ಮುಂಜಾನೆ ಹೋಗಿ ಸಂಜೆಗೆ ಒಲೆ ಹೊತ್ತಿಸಬಹುದು. ಆದರೆ ಇಪ್ಪತ್ತು ವರ್ಷದ ಹಿಂದಿನ ಅವಳ ಅಂಕಗಳು ಅಷ್ಟಕ್ಕಷ್ಟೇ. ಅಲ್ಲಿ ಸಿಗದಿದ್ದರೆ ಎಂದು ಇನ್ನೊಂದು ವಿಶ್ವವಿದ್ಯಾಲಯವನ್ನು ನೋಡಿಟ್ಟುಕೊಳ್ಳಬೇಕಾಗಿತ್ತು. ತಕರಾರು ಹುಟ್ಟಿದ್ದು ಅಲ್ಲಿ.

“ಧಾರವಾಡ ಆಗಲಿಲ್ಲಂದ್ರ ಮನ್ಯಾಗ ಕುಂತು ಓದೂ ಕೋರ್ಸ್ ಐತಿ, ಅದನ್ನ ಮಾಡು” ಅಂದ ಗುರುಪಾದ.

“ಅಂದ್ರ? ಮೊದಲನೇದು ಸಿಗಲಿಲ್ಲಂದ್ರ ಅಡಗಿಮನಿ?”

“ಇದ್ದಿರಲಿ ಅಂತ ಒಂದು ಹಿಡಕೊಳ್ಳೂದಕ್ಕ ಅಷ್ಟ್ಯಾಕ ಯೋಚನಿ ಮಾಡ್ತಿ?”

“ಹತ್ತಿ ಊರೂ ಮುಂದ ಕುಣಿಗೆ ಎರಡು ಬೀಜ ಹಾಕ್ತೀವಿ. ಒಂದು ಹುಟ್ಟದಿದ್ರ ಇನ್ನೊಂದು ಇರಲಿ ಅಂತ. ಎರಡನೇದು ಹುಳಕ ಬೀಜ ಹಾಕ್ತೀರೇನು?”

ಆ ಎರಡನೆಯದನ್ನು ತಾನೇ ನೋಡಿ ಆರಿಸುತ್ತೇನೆಂದಳು. ಹಾಗಿದ್ದರೆ ಅವ್ವನನ್ನು ಕರೆದುಕೊಂಡು ಹೋಗು ಎಂಬ ಷರತ್ತು ಬಂತು. ಹೀಗೆ, ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟ ನಾನು ಎಪ್ಪತ್ಮೂರನೆಯ ವಯಸ್ಸಿನಲ್ಲಿ ಮೂರು ವಿಶ್ವವಿದ್ಯಾಲಯಗಳ ಮೆಟ್ಟಿಲು ಹತ್ತಿದೆ.

ಅವಳು ಕಟ್ಟಡ ನೋಡಲಿಲ್ಲ, ಕ್ಯಾಂಟೀನು ಕೇಳಲಿಲ್ಲ. ಹೋದಲ್ಲೆಲ್ಲ ಒಳಕಿಸೆಯಿಂದ ಆ ನಕಲು ತೆಗೆದು ಮುಂದಿಟ್ಟು, “ಇದನ್ನ ಓದಾಕ ಇಲ್ಲಿ ಕಲಸ್ತೀರೇನ್ರಿ?” ಎಂದು ಕೇಳುತ್ತಿದ್ದಳು. ಮೊದಲ ಜಾಗದಲ್ಲಿ ಕಿಟಕಿಯ ಒಳಗಿದ್ದವನು ಅದನ್ನು ಮುಟ್ಟಲೂ ಇಲ್ಲ, ಸಿಲಬಸ್ಸಿನಲ್ಲಿ ಇಲ್ಲವೆಂದ. ಎರಡನೆಯದು ಗಾಜಿನ ಗೋಡೆಯ ಭಾರಿ ಜಾಗ. ತಣ್ಣೀರು ಕೊಟ್ಟರು, ಬಣ್ಣದ ಪುಸ್ತಕ ಕೊಟ್ಟರು, ಕಾರಂಜಿ ತೋರಿಸಿದರು. ಹಾಳೆ ಮಡಿಕೆ ಬಿಚ್ಚದೆ ವಾಪಸು ಬಂತು.

ಮೂರನೆಯದು ವಿಜಾಪುರದ ಮಹಿಳಾ ವಿಶ್ವವಿದ್ಯಾಲಯ. ಐದು ತಾಸು ಬಸ್ಸಿನಲ್ಲಿ ಕುಲುಕಿ, ಕೆಂಡದಂಥ ಬಿಸಿಲಿನಲ್ಲಿ ಇಳಿದೆವು. ರಾಜ್ಯಶಾಸ್ತ್ರ ವಿಭಾಗದಲ್ಲಿ ಒಬ್ಬ ಪ್ರೊಫೆಸರ್ ಬಾಯಿಯವರು ಕನ್ನಡಕವನ್ನು ಹಣೆಗೇರಿಸಿ ಬುತ್ತಿ ಉಣ್ಣುತ್ತಿದ್ದರು. ರಜನಿ ಹಾಳೆ ಚಾಚಿದಳು. ಅವರು ಬೆರಳು ಒರೆಸಿಕೊಂಡು, ಕನ್ನಡಕ ಇಳಿಸಿ, ಮುಂದೊಮ್ಮೆ ಹಿಂದೊಮ್ಮೆ, ಮತ್ತೆ ಮುಂದಿನಿಂದ ಓದಿದರು. ಅವರ ರೊಟ್ಟಿ ಆರಿತು.

“ಇದರಾಗ ಎರಡು ಕಡೆ ಕಾಯದೆ ಮುರದಾರ. ಎಲ್ಲಿ ಅಂತ ನಾ ಹೇಳಂಗಿಲ್ರಿ. ಇಲ್ಲಿ ಬಂದ್ರ ನೀವಽ ಹುಡುಕ್ತೀರಿ.”

“ಅಂದ್ರ?”

“ಅಂದ್ರ, ಎರಡು ವರ್ಷದ ಕೆಲಸ.”

ಇಬ್ಬರೂ ನಕ್ಕರು. ಬಸ್ಸಿನಲ್ಲಿ ಬರುತ್ತ ಶೇಂಗಾ ಸುಲಿದು ನನ್ನ ಅಂಗೈಗೆ ಹಾಕುತ್ತ ರಜನಿ, “ಧಾರವಾಡ ಸಿಕ್ರ ಧಾರವಾಡ, ಇಲ್ಲಂದ್ರ ಇದು. ಎರಡೂ ಸಿಕ್ಕೂ ಅಂದ್ರ ಅವತ್ತ ನನಗ ಚಿಂತಿ” ಅಂದಳು.

ವಿಜಾಪುರವೆಂದರೆ ಹಾಸ್ಟೆಲ್ಲು. ಸುದ್ದಿ ಓಣಿ ಮುಟ್ಟಿತು. “ಅಕ್ಕಾ, ಮಗ ಒಂದು ಹಾಸ್ಟೆಲ್ಲು, ತಾಯಿ ಒಂದು ಹಾಸ್ಟೆಲ್ಲು, ಗುರುಪಾದನ್ನೂ ಒಂದಕ್ಕ ಹಚ್ಚಿಬಿಡ್ರಿ, ನೀವೊಬ್ಬರಽ ಆರಾಮ ಇರ್ರಿ” ಎಂದು ಶೇವಂತೆವ್ವ ಗೋಡೆಯಾಚೆಯಿಂದ ಚುಚ್ಚಿದಳು. ಗುರುಪಾದ ಮುಖ ಸಣ್ಣದು ಮಾಡಿಕೊಂಡು ತಿರುಗಿದ.

ಆ ವಾರದ ಕೊನೆಗೆ, ವಿಜಾಪುರದ ಅರ್ಜಿಗೆ ಇನ್ನೊಂದೇ ದಿನ ಉಳಿದಿದೆ ಎನ್ನುವಾಗ, ಸಂಜೆ ಕುಮಾರಸ್ವಾಮಿ ಭಜಿಯ ಪೊಟ್ಟಣ ಹಿಡಿದು ನಗುನಗುತ್ತ ಬಂದ.

“ನಿನ್ನ ಓಡ್ಯಾಟ ಮುಗಿಸಿಬಿಟ್ಟೇನಿ ತಂಗಿ. ಮನ್ಯಾಗ ಕುಂತು ಓದೂ ಕೋರ್ಸಿನ ಫಾರ್ಮು ತುಂಬಿ ಕೊಟ್ಟು ಬಂದೇನಿ. ಇದು ಅದರ ಪ್ರತಿ.”

ಕೆಳಗೆ ದುಂಡಗೆ ‘ರಜನಿ’ ಎಂದು ಸಹಿ ಇತ್ತು. ನನ್ನ ಮಗ ಕೆಡುಕನಲ್ಲ. ಅವನ ಕೈಗೆ ಅದು ರೂಢಿಯಾಗಿ ಹೋಗಿತ್ತು. ಸೊಳ್ಳೆ ಕೂತರೆ ಕೈ ತಾನಾಗಿ ಏಳುವಂತೆ, ಅವಳ ಹೆಸರಿನ ಜಾಗ ಕಂಡರೆ ಅವನ ಕೈ ತಾನಾಗಿ ಬರೆಯುತ್ತಿತ್ತು. ತಪ್ಪು ಮಾಡಿದೆನೆಂಬ ನೆರಳೂ ಅವನ ಮುಖದಲ್ಲಿರಲಿಲ್ಲ.

ರಜನಿ ಬಹಳ ಹೊತ್ತು ನೋಡಿದಳು. “ಸಹಿ ಛಲೋ ಬಂದೈತ್ರಿ ಭಾವಾರ.”

“ರೂಢಿ ಆಗೇತವಾ” ಎಂದು ಅವನು ಭಜಿ ಮುರಿದ.

“ಹಂಗಾರ ಪರೀಕ್ಷಾನೂ ನೀವಽ ಬರದು ಬರ್ರಿ.”

ಮುರಿದ ಭಜಿ ಬಾಯಿಗೆ ಹೋಗಲಿಲ್ಲ. “ನಿನ್ನ ಛಲೋದಕ್ಕ ಮಾಡಿದ್ದು” ಅಂದ.

“ಬಯಲೂ ಊರಿನ ಛಲೋದಕ್ಕಽ ಹೋತ್ರಿ.”

ಆಮೇಲೆ ಅವಳು ಪಡಸಾಲೆಯಲ್ಲಿ, ನಮ್ಮೆಲ್ಲರ ಎದುರಿಗೇ ಕೂತು, ವಿಜಾಪುರದ ಅರ್ಜಿಯನ್ನು ತನ್ನ ಓರೆಕೋರೆ ಅಕ್ಷರದಲ್ಲಿ ತುಂಬಿದಳು. ಹಾಸ್ಟೆಲ್ಲಿನ ಹಾಳೆಗೆ ಪಾಲಕರ ಸಹಿ ಬೇಕಿತ್ತು. ಗಂಡನ ಮುಂದಿಟ್ಟಳು. ಗುರುಪಾದ ಪೆನ್ನಿನ ಟೊಪ್ಪಿಗೆ ತೆಗೆದ, ಅಣ್ಣನ ಮುಖ ನೋಡಿದ, ಟೊಪ್ಪಿಗೆ ಮತ್ತೆ ಹಾಕಿದ. “ನಾಳಿ ನೋಡೂಣು” ಅಂದ. ನಾಳೆ ಎಂದರೆ ಕೊನೆಯ ದಿನ. ಅದು ಅವನಿಗೂ ಗೊತ್ತಿತ್ತು.

ನಾನು ಹಾಳೆಯನ್ನು ನನ್ನ ಕಡೆ ಎಳೆದುಕೊಂಡೆ. ರಜನಿ ಅದರ ಮೇಲೆ ಕೈಯಿಟ್ಟಳು.

“ಓದದಽ ಸಹಿ ಮಾಡಬ್ಯಾಡ್ರಿ ಅತ್ತಿಯವರ.”

ಹಾಸ್ಟೆಲ್ಲಿನ ನೇಮಗಳನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿಸಿದಳು. ನಾನು ತಡವರಿಸಿದಲ್ಲಿ ಕಾದಳು, ಹೇಳಿಕೊಡಲಿಲ್ಲ. “ಸಂಜಿಮುಂದ ಗೇಟು ಹಾಕ್ತಾರಂತ” ಎಂದು ನಾನು ನಿಂತರೆ, “ಇಲ್ಲೂ ಹಾಕ್ತೀವಲ್ರಿ” ಅಂದಳು. ಓದಿ ಮುಗಿಸಿ ಸಹಿ ಮಾಡುವಾಗ ಕುಮಾರಸ್ವಾಮಿ ಎದ್ದುನಿಂತ.

“ಯವ್ವಾ, ಏನಂತ ತಿಳಕೊಂಡು ಸಹಿ ಹಾಕ್ತಿ?”

“ಓದಿ ಹಾಕೇನಪಾ. ಈ ಮನ್ಯಾಗ ಇದಽ ಮೊದಲನೇದು.”

ಮರುದಿನ ಅವಳೇ ಹೋಗಿ ಅರ್ಜಿ ಕೊಟ್ಟು ಬಂದಳು. ಧಾರವಾಡದ ಯಾದಿ ಬಂದಾಗ ಅದರಲ್ಲಿ ರಜನಿಯ ಹೆಸರಿರಲಿಲ್ಲ. ಬೀಗರು ಎದ್ದುಹೋದ ಮೇಲೆ ಹರಡುವಂಥ ಒಂದು ಬಗೆಯ ಹಗುರ ಮನೆಯಲ್ಲಿ ಹರಡಿತು. ಕುಮಾರಸ್ವಾಮಿ ನಿಜವಾದ ಮರುಕದಿಂದಲೇ ಅಡುಗೆಮನೆಯ ಬಾಗಿಲಿಗೆ ಬಂದು, “ಇರಲಿ ಬಿಡವಾ, ನಸೀಬದಾಗಿದ್ದಿದ್ದಿಲ್ಲ” ಅಂದ. ರೊಟ್ಟಿ ಬಡಿಯುತ್ತಿದ್ದವಳ ಕೈ ನಿಂತಿತು. ಹಂಚಿನ ಮೇಲಿದ್ದದ್ದು ಸೀದಿತು. ಇಷ್ಟು ವರ್ಷದಲ್ಲಿ ಅವಳ ಕೈಯ ರೊಟ್ಟಿ ಸೀದದ್ದನ್ನು ನಾನು ಕಂಡಿರಲಿಲ್ಲ. ಅದನ್ನು ತನ್ನ ಗಂಗಾಳಕ್ಕೆ ಹಾಕಿಕೊಂಡು, ಇನ್ನೊಂದು ಉಂಡೆಗೆ ಹಿಟ್ಟು ಹಚ್ಚುತ್ತ, ಗಂಡನನ್ನು ಕೇಳಿದಳು:

“ವಿಜಾಪುರದ ಮೊದಲನೇ ಬಸ್ಸು ಎಷ್ಟಕ್ಕೈತ್ರಿ?”

ಗುರುಪಾದ, “ವಿಚಾರಿಸಿಕೊಂಡು ಬರ್ತೇನಿ” ಎಂದು ಚಪ್ಪಲಿ ಮೆಟ್ಟಿದ. ವಿಜಾಪುರದಲ್ಲಿ ಸೀಟು ಸಿಕ್ಕಿತು. ರಜನಿ ಹೋದಳು.

ಹಟಮಾರಿಗಳೆಂದರೆ ಒಂದನ್ನೇ ಹಿಡಿದು ಕೂಡುವವರೆಂದು ಲೋಕ ತಿಳಿದಿದೆ. ಅಂಥವರನ್ನು ನಾನು ಬಹಳ ಕಂಡಿದ್ದೇನೆ. ಆ ಒಂದು ಕೈತಪ್ಪಿದ ದಿನ ಅವರು ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ಮನೆಯವರು ಮೆತ್ತಗೆ ಕೌದಿ ಹೊದಿಸಿ, ತಲೆ ಸವರಿ, ಗೆದ್ದುಬಿಡುತ್ತಾರೆ. ರಜನಿಯಂಥವರ ಹಟದ ತಳಿಯೇ ಬೇರೆ. ಸೋಲು ಹೊಸ್ತಿಲಿಗೆ ಬರುವ ಮೊದಲೇ ಅವರು ಅದರಾಚೆಯ ಊರನ್ನು ಕಣ್ಣಾರೆ ಕಂಡು, ಅಲ್ಲಿಯ ನೀರು ಕುಡಿದು, ಇಲ್ಲಿಯೂ ಬದುಕಿಯೇನು ಎಂದು ಮನಸ್ಸಿಗೆ ಹೇಳಿಕೊಂಡು ಬಂದಿರುತ್ತಾರೆ. ಅಂಥ ಹೆಣ್ಣುಮಗಳಿಗೆ ‘ಇಲ್ಲ’ ಅನ್ನಬೇಕಾದವರು ಎರಡು ಸಲ ಅನ್ನಬೇಕಾಗುತ್ತದೆ. ಎರಡನೆಯ ಸಲ ಬಾಯಿ ತೆರೆಯುವಷ್ಟರಲ್ಲಿ ಕೇಳುವುದಕ್ಕೆ ಅವಳು ಮನೆಯಲ್ಲಿರುವುದಿಲ್ಲ.