ಕೆರೆ ಕುಡಿದವರು ಯಾರು

ಕೆಂಗೇರಿ ಪಕ್ಕದ ಆ ಊರಿನ ಕೆರೆ ತುಂಬದೆ ಮೂರು ವರ್ಷವಾಗಿತ್ತು. ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಮುನಿಯಣ್ಣನೇ ಕದ್ದು ತೂಬು ಎತ್ತುತ್ತಾನೆಂದು ಊರೆಲ್ಲ ದೂರು. ತಾತನ ಕಾಲದ ಕೆಲಸ ಕೈ ತಪ್ಪುವುದರಲ್ಲಿತ್ತು.

"ದಿಣ್ಣೆ ಮೇಲೆ ನೀಲಗಿರಿ ನೆಟ್ಟಾಗಿಂದ ಕಾಲುವೇಲಿ ನೀರೇ ಬರ್ತಿಲ್ಲ" ಎಂದು ಮುನಿಯಣ್ಣ ಹೇಳಿದರೆ ಊರವರು ನಗುತ್ತಿದ್ದರು.

ಅವನು ಜಗಳಕ್ಕೆ ಹೋಗಲಿಲ್ಲ. ಎಲ್ಲರಿಗಿಂತ ಜೋರಾಗಿ ಬೈಯುವ ಚಿಕ್ಕಲಕ್ಷ್ಮಮ್ಮನಿಗೇ ತೂಬಿನ ಬೀಗದ ಕೈ ಕೊಟ್ಟ. ಆ ಮಳೆಗಾಲವೂ ಕೆರೆ ತುಂಬಲಿಲ್ಲ. ಆಗ ಊರವರು ದಿಣ್ಣೆಯ ಕಡೆ ನೋಡಿ ನೀಲಗಿರಿ ಕಡಿಸಿದರು.

1986ರ ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಬಿತ್ತು.

"ತಪ್ಪಾಯ್ತು ಕಣಣ್ಣ, ನಿನ್ನ ಕಳ್ಳ ಅಂದ್ಬಿಟ್ಟೆ" ಎಂದಳು ಚಿಕ್ಕಲಕ್ಷ್ಮಮ್ಮ.

"ಅದಿರ್ಲಿ ಕಣಮ್ಮ, ಕಡಿದ ಬುಡ ಚಿಗುರ್ತಾ ಇದಾವೆ. ನಾಳೆ ಎಲ್ರಿಗೂ ಗುದ್ದಲಿ ಹಿಡ್ಕೊಂಡು ಬರಕ್ಕೆ ಹೇಳು."