ಬೊನಿಫಾಸನ ತುಟಿ ಕೆಡಿಸಿದ್ದು ನಾನು

ನಾನೊಂದು ಟ್ರಂಪೆಟ್. ಹಿತ್ತಾಳೆಯ ಕೊಳವೆಯನ್ನು ಬಗ್ಗಿಸಿ, ಬಡಿದು, ಉಜ್ಜಿ ನನ್ನನ್ನು ಮಾಡಿದ್ದು ಕಡಲಾಚೆಯ ಯಾವುದೋ ಊರಿನಲ್ಲಿ. ಹಡಗು ಹತ್ತಿ ಮುಂಬಯಿಗೆ ಬಂದೆ. ಅಲ್ಲಿ ಮಂಗಳೂರಿನ ಬೊನಿಫಾಸ್ ಲೋಬೊ ನನ್ನನ್ನು ಕೊಂಡ. ಊರಿನ ಇಗರ್ಜಿಯ, ಅಂದರೆ ಚರ್ಚಿನ, ಬ್ಯಾಂಡಿನಲ್ಲಿ ಊದಲು ಕಲಿತವನು, ಇಪ್ಪತ್ತೆರಡರ ಹರೆಯ. ಅವನು ನನ್ನನ್ನು ಮೊದಲ ಸಲ ತುಟಿಗಿಟ್ಟಾಗ, ಅಬ್ಬಾ, ನನ್ನ ದನಿಗೆ ನಾನೇ ಬೆರಗಾದೆ!

ಆಗ ಸ್ವಿಂಗ್ ಸಂಗೀತದ ಕಾಲ. ಬೊನಿಫಾಸನ ಜೊತೆ ಬೆಂಗಳೂರಿಗೆ ಬಂದೆ; ಅಲ್ಲಿನ ದಂಡು ಪ್ರದೇಶದ ಹೋಟೆಲೊಂದರಲ್ಲಿ ಶನಿವಾರ ಸಂಜೆ ಕುಣಿತ. ಹನ್ನೊಂದು ಮಂದಿಯ ಜಾಝ್ ಬ್ಯಾಂಡಿಗೆ ಬೊನಿಫಾಸನೇ ಮೊದಲ ಟ್ರಂಪೆಟ್. ಹಾಡಿನ ಕೊನೆಗೆ ಅವನು ಎದ್ದುನಿಂತು ಮೇಲಿನ ಸ್ವರವೊಂದನ್ನು ಎತ್ತಿ ಹಿಡಿದರೆ, ಯುದ್ಧಕ್ಕೆ ಹೊರಟ ಸೋಲ್ಜರುಗಳು ಟೋಪಿ ತೂರುತ್ತಿದ್ದರು. ನಾನೂ ಉಬ್ಬಿಹೋಗಿದ್ದೆ, ಸುಳ್ಳೇಕೆ ಹೇಳಲಿ?

ಕೇಡು ಶುರುವಾದದ್ದು ನನ್ನಲ್ಲಿ. ಊದುವವರ ಉಸಿರು ನನ್ನೊಳಗೆ ನೀರಾಗುತ್ತದೆ. ಅದನ್ನು ಚೆಲ್ಲಲು ಹೊಟ್ಟೆಯಡಿ ಒಂದು ತೂತು, ತೂತನ್ನು ಮುಚ್ಚಲು ಕಡಲೆಕಾಳಿನಷ್ಟು ಕಾರ್ಕ್. ಆ ಕಾರ್ಕ್ ಸವೆದು ಗೊತ್ತಾಗದಷ್ಟು ಗಾಳಿ ಸೋರತೊಡಗಿತು. ಮೇಲಿನ ಸ್ವರ ಜಾರಿತು. ತನ್ನ ತುಟಿಯೇ ಸೋತಿತೆಂದುಕೊಂಡ ಬೊನಿಫಾಸ್ ನನ್ನನ್ನು ಇನ್ನಷ್ಟು ಒತ್ತಿದ. ನನ್ನ ಅಂಚು ಅವನ ತುಟಿಯನ್ನು ಕೊರೆಯಿತು.

“ಇವತ್ತೊಂದು ದಿನ ನನ್ನ ಟ್ರಂಪೆಟಿನಲ್ಲಿ ಊದಿ ನೋಡು ಮಾರಾಯ,” ಎಂದ ಬ್ಯಾಂಡಿನ ಯಜಮಾನ ಪಿಂಟೊ.

“ಬೇರೆಯವರ ಎಂಜಲು ನನಗೆ ಬೇಡ,” ಎಂದ ಬೊನಿಫಾಸ್. ಅವನ ಅಣ್ಣ ಕ್ಷಯದಿಂದ ಸತ್ತಿದ್ದ. ಅಂದಿನಿಂದ ಇವನು ಇನ್ನೊಬ್ಬರ ಲೋಟವನ್ನೂ ಮುಟ್ಟುತ್ತಿರಲಿಲ್ಲ. ಒಂದೇ ಒಂದು ಸಲ ಊದಿದ್ದರೆ ತಪ್ಪು ಯಾರದೆಂದು ತಿಳಿಯುತ್ತಿತ್ತು.

ಕ್ರಿಸ್ಮಸ್ ಕುಣಿತದ ದಿನ ಸ್ವರವೂ ಒಡೆಯಿತು, ತುಟಿಯೂ ಒಡೆಯಿತು. ಬಿಳಿ ಅಂಗಿಯ ಮೇಲೆ ರಕ್ತ. ಯಾರೋ ನಕ್ಕರು. ಗಾಯ ಮಾಯಿತು, ತುಟಿಯ ಬಲ ಮಾತ್ರ ಮರಳಲಿಲ್ಲ. ಅವನ ಕುರ್ಚಿಗೆ ಬೇರೊಬ್ಬ ಬಂದ. ಬೊನಿಫಾಸ್ ಔಷಧಿ ಅಂಗಡಿಯಲ್ಲಿ ಗುಮಾಸ್ತನಾದ.

“ಕುಡಿದು ಕುಡಿದು ತುಟಿ ಹಾಳುಮಾಡಿಕೊಂಡಿರಿ,” ಎಂದು ಹೆಂಡತಿ ಸೆರಾಫಿನ್ ಇಪ್ಪತ್ತು ವರ್ಷ ಚುಚ್ಚಿದಳು. ಅವನು ಕುಡಿಯುತ್ತಿದ್ದದ್ದು ವಾರಕ್ಕೊಂದು ಗ್ಲಾಸು. ಆದರೂ, “ಹೌದು, ತಪ್ಪು ನನ್ನದೇ,” ಎನ್ನುತ್ತಿದ್ದ. ಪೆಟ್ಟಿಗೆಯೊಳಗೆ ಮಲಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಊದುವವರಿಲ್ಲದೆ ನನಗೆಲ್ಲಿಯ ಬಾಯಿ?

ಕೊನೆಗೆ ನನ್ನನ್ನು ಮನೆ ಹತ್ತಿರದ ಇಗರ್ಜಿಯ ಬ್ಯಾಂಡಿಗೆ ದಾನ ಕೊಡುವುದೆಂದಾಯಿತು. ಅದಕ್ಕೆ ಮುಂಚೆ ಸರಿಮಾಡಿಸೋಣವೆಂದು ಗಂಡಹೆಂಡಿರು ಶಿವಾಜಿನಗರದಲ್ಲಿ ವಾದ್ಯ ರಿಪೇರಿ ಮಾಡುವ ಅರುಳಪ್ಪನಲ್ಲಿಗೆ ಒಯ್ದರು. ಅವನು ನನ್ನೊಳಗೆ ಬೀಡಿಯ ಹೊಗೆ ಊದಿದ. ಕಾರ್ಕಿನ ಸಂದಿಯಿಂದ ಹೊಗೆ ಎದ್ದಿತು.

“ಅಯ್ಯೋ, ಈ ಕಾರ್ಕು ಸವೆದು ಎಷ್ಟು ವರ್ಷ ಆಯ್ತೋ ಸಾರ್! ಇದ್ರಲ್ಲಿ ಮೇಲಿನ ಸ್ವರ ಎತ್ತಿದೋರ ತುಟಿ ಉಳಿಯುತ್ತಾ?”

ಸೆರಾಫಿನ್ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ದೇವರೇ, ನಾನು ಏನೆಲ್ಲ ಅಂದುಬಿಟ್ಟೆ!”

ಈಗ ಬೊನಿಫಾಸ್ ನನ್ನನ್ನು ನೆಲಕ್ಕೆ ಬಡಿಯುತ್ತಾನೆ ಎಂದುಕೊಂಡೆ. ಬಡಿಯಲಿ ಎಂದೇ ಬಯಸಿದೆ. ಅವನು ನನ್ನನ್ನು ಮಡಿಲಿಗೆ ಎಳೆದುಕೊಂಡ.

“ಪಾಪ, ಇದರದ್ದೇನು ತಪ್ಪು? ದಿನಾ ಒರೆಸುತ್ತಿದ್ದವ ನಾನು. ನಾನೇ ನೋಡಲಿಲ್ಲ,” ಎಂದ.

ಹೊಸ ಕಾರ್ಕ್ ಹಾಕಿಸಿಕೊಂಡು ಈಗ ಇಗರ್ಜಿಯ ಕಪಾಟಿನಲ್ಲಿದ್ದೇನೆ. ಹಬ್ಬದಂದು ಯಾರೋ ಊದುತ್ತಾರೆ, ಮೇಲಿನ ಸ್ವರ ಸಲೀಸಾಗಿ ಏರುತ್ತದೆ. ಮುಂದಿನ ಬೆಂಚಿನಲ್ಲಿ ಕೂತ ಬೊನಿಫಾಸ್ ಖುಷಿಯಿಂದ ತಲೆದೂಗುತ್ತಾನೆ. ಅವನ ಮುಖ ನೋಡಲು ನನಗೆ ಧೈರ್ಯವಾಗುವುದಿಲ್ಲ.